ಭಾವನಾತ್ಮಕ ಬುದ್ಧಿಮತ್ತೆ, ಕೆಲಸದ ತೃಪ್ತಿ ಮತ್ತು ಮಗುಚಬೇಕಾದ ಅಂಕಗಳು

ನರ್ಸ್‌ಗಳ ಭಾವನಾತ್ಮಕ ಬುದ್ಧಿಮತ್ತೆಗೂ ಕೆಲಸದ ತೃಪ್ತಿಗೂ ನಂಟಿದೆಯೇ ಎಂಬ ವಿಷಯವನ್ನು ನರ್ಸಿಂಗ್ ರಿಸರ್ಚ್ ಪ್ರಾಜೆಕ್ಟಿಗೆ ಆರಿಸಿಕೊಂಡವರಿಗಾಗಿ ಬರೆದ ಟಿಪ್ಪಣಿ. ವ್ಯಾಖ್ಯೆಗಳನ್ನು ಬೇಗ ಮುಗಿಸುತ್ತೇನೆ. ಮನೋವಿಜ್ಞಾನಿಗಳಾದ ಪೀಟರ್ ಸಲೋವೆ, ಜಾನ್ ಮೇಯರ್ 1990ರಲ್ಲಿ ಭಾವನಾತ್ಮಕ ಬುದ್ಧಿಮತ್ತೆಯ ಬಗ್ಗೆ ಪ್ರಬಂಧ ಬರೆದರು. 1997ರಲ್ಲಿ ಅದನ್ನು ನಾಲ್ಕು ಕವಲಾಗಿ ಬಿಡಿಸಿದರು. ಭಾವನೆಯನ್ನು ಗುರುತಿಸುವುದು, ಯೋಚನೆಗೆ ಬಳಸುವುದು, ಅರ್ಥ ಮಾಡಿಕೊಳ್ಳುವುದು, ನಿಭಾಯಿಸುವುದು.

ವಾರ್ಡಿನಲ್ಲಿ ಇದು ಹೀಗೆ. ನೈಟ್ ಡ್ಯೂಟಿ, ಪೇಷೆಂಟ್ ಕಡೆಯವರು ಬಂದು "ಏನ್ ಸಿಸ್ಟರ್, ಡ್ರಿಪ್ ಮುಗಿದು ಎಷ್ಟೊತ್ತಾಯ್ತು, ನೋಡೋರೇ ಇಲ್ವಾ?" ಅಂತ ರೇಗುತ್ತಾರೆ. ಒಬ್ಬರು ಒಳಗೊಳಗೇ ಕುದಿಯುತ್ತಾ ಮುಖದಲ್ಲಿ ನಗು ತಂದುಕೊಂಡು ಹೋಗಿ ಬಾಟಲಿ ಬದಲಿಸುತ್ತಾರೆ. ಇನ್ನೊಬ್ಬರು ಆ ಸಿಟ್ಟಿನ ಹಿಂದೆ ಭಯವಿದೆ ಎಂದು ಗ್ರಹಿಸಿ, "ಗಾಬರಿ ಆಗ್ಬೇಡಿ ಅಣ್ಣ, ಮುಗಿದ ತಕ್ಷಣ ಏನೂ ತೊಂದ್ರೆ ಆಗಲ್ಲ" ಎನ್ನುತ್ತಾ ಅದೇ ಬಾಟಲಿ ಬದಲಿಸುತ್ತಾರೆ. ಸಮಾಜಶಾಸ್ತ್ರಜ್ಞೆ ಆರ್ಲಿ ಹಾಕ್‌ಶೀಲ್ಡ್ 1983ರಲ್ಲಿ ಗಗನಸಖಿಯರ ಕೆಲಸ ನೋಡಿ ಮೊದಲನೆಯದಕ್ಕೆ ಮೇಲ್ಪದರದ ನಟನೆ, ಎರಡನೆಯದಕ್ಕೆ ಆಳದ ನಟನೆ ಎಂದರು. ದಣಿವಿನ ಜೊತೆ ಹೆಚ್ಚು ತಳುಕು ಹಾಕಿಕೊಳ್ಳುವುದು ಮೊದಲನೆಯದು.

ಇನ್ನು ಅಳೆಯುವುದು. ನನಗೆ ಅತಿ ಹೆಚ್ಚು ಹೊತ್ತು ಹಿಡಿದದ್ದು ಇದೇ, ಹಾಗಾಗಿ ಉದ್ದ ಬರೆಯುತ್ತೇನೆ. ಪಾಲ್ ಸ್ಪೆಕ್ಟರ್ 1985ರಲ್ಲಿ ಪ್ರಕಟಿಸಿದ ಕೆಲಸದ ತೃಪ್ತಿಯ ಮಾಪನದಲ್ಲಿ 36 ಹೇಳಿಕೆಗಳಿವೆ. ಸಂಬಳ, ಬಡ್ತಿ, ಸಹೋದ್ಯೋಗಿಗಳು ಹೀಗೆ ಒಂಬತ್ತು ಅಂಶ, ತಲಾ ನಾಲ್ಕು ಹೇಳಿಕೆ. ಉತ್ತರ 1ರಿಂದ (ಸ್ವಲ್ಪವೂ ಒಪ್ಪುವುದಿಲ್ಲ) 6ರವರೆಗೆ (ಪೂರ್ತಿ ಒಪ್ಪುತ್ತೇನೆ). ಇವುಗಳಲ್ಲಿ 19 ಹೇಳಿಕೆಗಳು ನಕಾರಾತ್ಮಕ. ಅಲ್ಲಿ 'ಪೂರ್ತಿ ಒಪ್ಪುತ್ತೇನೆ' ಎಂದರೆ ಅತೃಪ್ತಿ. ಕೂಡುವ ಮೊದಲು ಅವನ್ನು ಮಗುಚಬೇಕು, ಅಂದರೆ 6 ಇದ್ದಲ್ಲಿ 1, 5 ಇದ್ದಲ್ಲಿ 2, ಹೀಗೆ ತಿರುಗಿಸಬೇಕು.

ಮಗುಚದಿದ್ದರೆ ಏನಾಗುತ್ತದೆ ನೋಡಿ. ಸಂಬಳದ ಹೇಳಿಕೆಗಳು 1, 10, 19, 28. ಇವುಗಳಲ್ಲಿ 10 ಮತ್ತು 19 ನಕಾರಾತ್ಮಕ. ಸಂಬಳದ ಮೇಲೆ ಪೂರ್ತಿ ಬೇಸತ್ತ ಸಿಸ್ಟರ್ ಕ್ರಮವಾಗಿ 1, 6, 6, 1 ಹಾಕುತ್ತಾರೆ. ಮೊತ್ತ 14. ಪೂರ್ತಿ ಖುಷಿಯಾಗಿರುವವರು 6, 1, 1, 6 ಹಾಕುತ್ತಾರೆ. ಮೊತ್ತ ಮತ್ತೆ 14! ಮಗುಚಿದರೆ ಮೊದಲನೆಯವರಿಗೆ 4, ಎರಡನೆಯವರಿಗೆ 24. ಎಕ್ಸೆಲ್ ಯಾವ ತಪ್ಪನ್ನೂ ತೋರಿಸುವುದಿಲ್ಲ.

ಸೂತ್ರ ಸುಲಭ: ಗರಿಷ್ಠ ಅಂಕಕ್ಕೆ ಒಂದು ಸೇರಿಸಿ, ಕೊಟ್ಟ ಅಂಕ ಕಳೆಯಿರಿ. ಇಲ್ಲಿ 7ರಿಂದ. ಶುಟೆ ಮತ್ತು ಸಂಗಡಿಗರ 1998ರ ಭಾವನಾತ್ಮಕ ಬುದ್ಧಿಮತ್ತೆ ಪ್ರಶ್ನಾವಳಿ 33 ಹೇಳಿಕೆಗಳದ್ದು, ಅಂಕ 1ರಿಂದ 5. ಅಲ್ಲಿ 6ರಿಂದ ಕಳೆಯಬೇಕು, ಅದೂ 5, 28, 33ನೇ ಹೇಳಿಕೆಗಳಿಗೆ ಮಾತ್ರ. ಮಗುಚಿದ್ದನ್ನು ಯಾವಾಗಲೂ ಹೊಸ ಕಾಲಮ್ಮಿನಲ್ಲಿ ಹಾಕಿ. ಹಳೆಯದರ ಮೇಲೇ ಬರೆದು, ನಾಳೆ ಮರೆತು ಮತ್ತೊಮ್ಮೆ ಮಗುಚಿದರೆ ಮೊದಲಿದ್ದಲ್ಲಿಗೇ ಬಂದು ನಿಲ್ಲುತ್ತೀರಿ.

ನನ್ನ ಅಚ್ಚುಮೆಚ್ಚಿನ ಸುಲಭದ ದಾರಿ: ಸ್ಪೆಕ್ಟರ್ ಮಾಪನದಲ್ಲಿ ಒಂದು ಅಂಶದ ಹೇಳಿಕೆಗಳು ಒಂಬತ್ತೊಂಬತ್ತು ಕೂಡಿದಂತೆ ಬರುತ್ತವೆ. ಸಹೋದ್ಯೋಗಿಗಳು 7, 16, 25, 34. ಆದರೆ 26ರಿಂದ ಮುಂದೆ ಕೆಲವು ಅಂಶಗಳಿಗೆ ಈ ಲೆಕ್ಕ ಕೈಕೊಡುತ್ತದೆ (ಬಡ್ತಿಯದು 2, 11, 20 ಆದಮೇಲೆ 29 ಅಲ್ಲ, 33). ಅಲ್ಲಿ ಕೀ (ಯಾವ ಹೇಳಿಕೆ ಯಾವ ಅಂಶಕ್ಕೆ ಎಂಬ ಪಟ್ಟಿ) ನೋಡಲೇಬೇಕು.

ಆಮೇಲೆ ಸಹಸಂಬಂಧ, ಅಂದರೆ ಬುದ್ಧಿಮತ್ತೆಯ ಅಂಕ ಮತ್ತು ತೃಪ್ತಿಯ ಅಂಕ ಎಷ್ಟರಮಟ್ಟಿಗೆ ಒಟ್ಟಿಗೆ ಏರಿಳಿಯುತ್ತವೆ ಎಂಬುದು. ಅದರ ಅಳತೆಯಾದ ಆರ್ (r) 0.4 ಬಂತು ಎಂದುಕೊಳ್ಳೋಣ. ವರ್ಗ ಮಾಡಿದರೆ 0.16, ಅಂದರೆ ಎರಡು ಅಂಕಗಳ ಏರಿಳಿತದಲ್ಲಿ ಹಂಚಿಕೆಯಾಗುವುದು ಶೇಕಡಾ 16 ಮಾತ್ರ. ಯಾವುದು ಯಾವುದಕ್ಕೆ ಕಾರಣ ಎಂಬುದೂ ಇದರಿಂದ ತಿಳಿಯುವುದಿಲ್ಲ. ಒಳ್ಳೆಯ ಇನ್‌ಚಾರ್ಜ್ ಇರುವ ವಾರ್ಡಿನಲ್ಲಿ ಎರಡೂ ಒಟ್ಟಿಗೇ ಏರಬಹುದು. ಮೇಲಾಗಿ ಎರಡೂ ಪ್ರಶ್ನಾವಳಿಯನ್ನು ಅದೇ ವ್ಯಕ್ತಿ ಒಂದೇ ಸಲ ಕೂತು ತುಂಬಿರುತ್ತಾರೆ, ಆ ಹೊತ್ತಿನ ಮನಸ್ಥಿತಿ ಎರಡಕ್ಕೂ ಅಂಟುತ್ತದೆ. ಹಾಗಿದ್ದೂ ಇಂಥ ಪ್ರಾಜೆಕ್ಟುಗಳ ಕೊನೆಯಲ್ಲಿ 'ನರ್ಸ್‌ಗಳಿಗೆ ತರಬೇತಿ ಕೊಡಬೇಕು' ಎಂಬ ಸಾಲು ಬಂದೇ ಬರುತ್ತದೆ. ರೋಸ್ಟರ್ ಸರಿಮಾಡಿ ಎಂದು ಬರೆಯುವವರು ಕಡಿಮೆ, ಅದು ನನಗೆ ಸರಿ ಕಾಣುವುದಿಲ್ಲ.

ಹಾಗಾಗಿ ಒಟ್ಟು ಮೊತ್ತದ ಆರ್ ಒಂದನ್ನೇ ಕೊಡದೆ, ಒಂಬತ್ತು ಅಂಶಗಳಿಗೂ ಬೇರೆಬೇರೆ ತೆಗೆದು ಟೇಬಲ್ ಹಾಕಿ. ಭಾವನೆ ನಿಭಾಯಿಸುವ ಜಾಣ್ಮೆ ಸಹೋದ್ಯೋಗಿಗಳ ಜೊತೆಗಿನ ಒಡನಾಟವನ್ನು ಬದಲಿಸಬಹುದು, ಸಂಬಳದ ಚೀಟಿಯನ್ನಲ್ಲ. ನಿಮ್ಮ ಟೇಬಲ್ಲಿನಲ್ಲಿ ಈ ವ್ಯತ್ಯಾಸ ಕಂಡರೆ ಚರ್ಚೆಯ ಭಾಗದಲ್ಲಿ ಬರೆಯಲು ಅಷ್ಟೇ ಸಾಕು.