ಮಾಣಿ ಎಷ್ಟು ಸಲ ಒಳಗೆ ಹೋಗಬೇಕು?

ಮಾಟುಂಗದ ಉಡುಪಿ ಹೋಟೆಲಿನಲ್ಲಿ ಭಾನುವಾರ ಬೆಳಿಗ್ಗೆ ಕೂತರೆ ಎರಡು ಬಗೆಯ ಮಾಣಿಗಳು ಕಾಣುತ್ತಾರೆ. ಒಬ್ಬನಿಗೆ ‘ನೀರುದೋಸೆ ಇದೆಯಾ?’ ಅಂದರೆ ಒಳಗೆ ಹೋಗಿ ಭಟ್ಟರನ್ನು ಕೇಳಿಕೊಂಡು ಬರುತ್ತಾನೆ. ಚಟ್ನಿ ಯಾವುದು ಅಂದರೆ ಮತ್ತೆ ಹೋಗುತ್ತಾನೆ. ಹೇಳಿದ್ದು ತಪ್ಪುವುದಿಲ್ಲ, ತಿಂಡಿ ಮಾತ್ರ ತಡ. ಇನ್ನೊಬ್ಬ ಎಲ್ಲವನ್ನೂ ನೆನಪಿನಿಂದ ಹೇಳಿ, ಒಂದೇ ಸಲ ಒಳಗೆ ಹೋಗುತ್ತಾನೆ. ಬೇಗ ಆಗುತ್ತದೆ. ಆದರೆ ಹಿಟ್ಟು ಮುಗಿದಿದ್ದರೆ ನಮಗೆ ತಿಳಿಯುವುದು ಹತ್ತು ನಿಮಿಷ ಕಾದ ಮೇಲೆ.

ನನ್ನ ಕೆಲಸದಲ್ಲೂ ಇಂಥ ಮಾಣಿ ಇದ್ದಾನೆ. ಹೆಸರು ಗೋಫರ್. ಪರ್ಲ್ ಭಾಷೆಯಲ್ಲಿ ಬರೆದ ಪ್ರೋಗ್ರಾಂಗಳು ಡೇಟಾಬೇಸ್ ಜೊತೆ ಮಾತಾಡಲು ಟಿಮ್ ಬನ್ಸ್ ಕಟ್ಟಿದ ಡಿಬಿಐ ಎಂಬ ಕೋಡ್ ಸಂಗ್ರಹ ಬಳಸುತ್ತವೆ. ಅದರ ಜೊತೆಗೇ ಬರುವ ಪ್ರಾಕ್ಸಿ ಡ್ರೈವರ್ ಇದು. ಪ್ರೋಗ್ರಾಂ ಒಂದು ಕಡೆ, ಡೇಟಾಬೇಸ್ ಇನ್ನೊಂದು ಕಡೆ ಇದ್ದಾಗ ನಡುವೆ ಓಡಾಡುತ್ತದೆ.

ಈ ಓಡಾಟ ಯಾಕೆ ದುಬಾರಿ ಅಂತ ನೋಡಿ. ಇಂಟರ್ನೆಟ್ ಕೇಬಲ್ಲಿನ ಗಾಜಿನ ಎಳೆಯಲ್ಲಿ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರ್ ಓಡುತ್ತದೆ. ಪ್ರೋಗ್ರಾಂ ಮುಂಬೈಯಲ್ಲಿ, ಡೇಟಾಬೇಸ್ ಸಿಂಗಾಪುರದಲ್ಲಿ ಇದೆ ಅನ್ನಿ. ಮುಂಬೈಯಿಂದ ಸಿಂಗಾಪುರಕ್ಕೆ ನೇರ ದೂರ ಸುಮಾರು 3,900 ಕಿಲೋಮೀಟರ್. ಹೋಗಿಬರಲು ಕಡಿಮೆ ಅಂದರೂ 39 ಮಿಲಿಸೆಕೆಂಡ್ ಬೇಕು. ಕೇಬಲ್ ನೇರವಾಗಿ ಹೋಗುವುದಿಲ್ಲ, ಹಾಗಾಗಿ ನಿಜವಾದ ಸಮಯ ಇನ್ನೂ ಜಾಸ್ತಿ. ಒಂದು ಪುಟ ತೋರಿಸಲು 200 ಪ್ರಶ್ನೆ ಒಂದರ ಹಿಂದೆ ಒಂದು ಹೋದರೆ, ಸುಮ್ನೆ ದಾರಿಯಲ್ಲೇ 8 ಸೆಕೆಂಡ್ ಹೋಯಿತು. ಎಷ್ಟೇ ಒಳ್ಳೆಯ ಸರ್ವರ್ ಕೊಂಡರೂ ಈ 8 ಸೆಕೆಂಡ್ ಕಡಿಮೆಯಾಗದು. ಓಡಾಟವನ್ನೇ ಕಡಿಮೆ ಮಾಡಬೇಕು.

ಹಾಗೆ ಕಡಿಮೆ ಮಾಡಿದರೆ ಪಾರದರ್ಶಕತೆ ಹೋಗುತ್ತದೆ. ಸರ್ಕಾರಿ ಮಾತಿನಲ್ಲಿ ಪಾರದರ್ಶಕ ಅಂದರೆ ಎಲ್ಲ ಕಾಣುವುದು. ಇಲ್ಲಿ ಚೊಕ್ಕ ಕಿಟಕಿ ಗಾಜಿನ ಹಾಗೆ, ನಡುವೆ ಏನೋ ಇದೆ ಅಂತಲೇ ಗೊತ್ತಾಗದಿರುವುದು.

ವೇಗ, ಪಾರದರ್ಶಕತೆ ಇವೆರಡರಲ್ಲಿ ಯಾವುದು ಎಷ್ಟು ಬೇಕು ಅಂತ ಹೇಳಲು ಗೋಫರ್‌ನಲ್ಲಿ ‘ಪಾಲಿಸಿ’ ಇದೆ. ಪೆಡಾಂಟಿಕ್ ಅಂದರೆ ಮೊದಲನೇ ಮಾಣಿ. ಸಂಪರ್ಕ ಸಿಕ್ಕಿತೇ, ಇನ್ನೂ ಇದೆಯೇ, ಈ ಎಸ್‌ಕ್ಯೂಎಲ್ (ಡೇಟಾಬೇಸ್‌ಗೆ ಪ್ರಶ್ನೆ ಬರೆಯುವ ಭಾಷೆ) ಸರಿಯೇ, ಎಲ್ಲಕ್ಕೂ ಹೋಗಿ ಕೇಳುತ್ತದೆ. ರಶ್ ಸಾಧ್ಯವಾದಷ್ಟನ್ನೂ ಇಲ್ಲೇ ತೀರ್ಮಾನಿಸುತ್ತದೆ. ನಾವೇನೂ ಹೇಳದಿದ್ದರೆ ಸಿಗುವುದು ಕ್ಲಾಸಿಕ್. ಸಂಪರ್ಕ ಸಿಕ್ಕಿತೇ ಅಂತ ಅದು ಹೋಗಿ ನೋಡುತ್ತದೆ, ಆದರೆ ಪ್ರಿಪೇರ್ ಮಾಡಿದಾಗ, ಅಂದರೆ ಪ್ರಶ್ನೆಯನ್ನು ಸಿದ್ಧಪಡಿಸಿದಾಗ, ಹೋಗುವುದಿಲ್ಲ. ಪ್ರಿಪೇರ್, ಎಕ್ಸಿಕ್ಯೂಟ್ (ಪ್ರಶ್ನೆಯನ್ನು ನಡೆಸುವುದು), ಉತ್ತರ ತರುವುದು ಮೂರೂ ಒಂದೇ ಸುತ್ತಿನಲ್ಲಿ ಮುಗಿಯುತ್ತವೆ.

ಇದರಿಂದಲೇ ನನ್ನ ಒಂದು ಸಂಜೆ ಹಾಳಾಯಿತು. ಕಾಲಂ ಹೆಸರು ತಪ್ಪು ಬರೆದಿದ್ದೆ. ಪ್ರಿಪೇರ್ ತಕರಾರಿಲ್ಲದೆ ದಾಟಿತು. ದೂರು ಬಂದದ್ದು ಎಷ್ಟೋ ಸಾಲು ಕೆಳಗೆ, ಎಕ್ಸಿಕ್ಯೂಟ್‌ನಲ್ಲಿ. ಪ್ರಶ್ನೆಗೆ ಕೊಟ್ಟ ಮೌಲ್ಯಗಳನ್ನೇ ಮತ್ತೆ ಮತ್ತೆ ನೋಡುತ್ತಾ ಕೂತೆ.

ರಶ್‌ನ ಅಪಾಯ ಇದಕ್ಕಿಂತ ದೊಡ್ಡದು. ಮುಂಬೈಯಲ್ಲಿ ಡಿ'ಸೋಜಾ ಎಂಬ ಹೆಸರು ಎಷ್ಟು ಸಾಮಾನ್ಯ, ಅಲ್ವಾ? ಆ ನಡುವಿನ ಗೀಟು (') ಎಸ್‌ಕ್ಯೂಎಲ್‌ನಲ್ಲಿ ‘ಇಲ್ಲಿಗೆ ಹೆಸರು ಮುಗಿಯಿತು’ ಎಂಬ ಗುರುತು. ಅದು ಹೆಸರಿನದೇ ಭಾಗ ಅಂತ ಹೇಳಲು ಗೀಟನ್ನು ಎರಡು ಸಲ ಬರೆಯಬೇಕು. ಇಷ್ಟನ್ನು ರಶ್ ಇಲ್ಲೇ, ಡಿಬಿಐಯ ಸಾಮಾನ್ಯ ನಿಯಮದಂತೆ ಮಾಡಿಬಿಡುತ್ತದೆ. ಆದರೆ ಮೈಎಸ್‌ಕ್ಯೂಎಲ್ ಎಂಬ ಡೇಟಾಬೇಸ್‌ನಲ್ಲಿ ಹಿಂಬಾಗಿದ ಗೆರೆಗೂ (ಬ್ಯಾಕ್‌ಸ್ಲ್ಯಾಶ್) ವಿಶೇಷ ಅರ್ಥ ಇದೆ. ಸಾಮಾನ್ಯ ನಿಯಮ ಅದನ್ನು ಮುಟ್ಟುವುದೇ ಇಲ್ಲ. ಕೇಡಿಗರು ಅಲ್ಲಿಂದ ಒಳಗೆ ನುಗ್ಗಬಹುದು. ಹೆಸರಿನಂಥ ಮೌಲ್ಯಗಳನ್ನು ಎಸ್‌ಕ್ಯೂಎಲ್ ಒಳಗೆ ಪೋಣಿಸದೆ, ಅಲ್ಲಿ ಪ್ಲೇಸ್‌ಹೋಲ್ಡರ್ (ಖಾಲಿ ಜಾಗದ ಗುರುತು) ಇಟ್ಟು ಬೇರೆಯಾಗಿ ಕಳಿಸಿದರೆ ಈ ಪ್ರಶ್ನೆಯೇ ಏಳುವುದಿಲ್ಲ. ರಶ್ ಹಾಕುವ ಮೊದಲು ಇದೊಂದನ್ನು ಖಂಡಿತ ನೋಡಿಕೊಳ್ಳಿ.

ಯಾವ ಪಾಲಿಸಿಯೂ ಸರಿಮಾಡದ ಒಂದು ಕೊರತೆ ಇದೆ. ಗೋಫರ್ ಒಂದು ಸುತ್ತಿನ ವಿಷಯವನ್ನು ಮುಂದಿನ ಸುತ್ತಿಗೆ ನೆನಪಿಟ್ಟುಕೊಳ್ಳುವುದಿಲ್ಲ. ಹಾಗಾಗಿ ಆಟೋಕಮಿಟ್, ಅಂದರೆ ಪ್ರತಿ ಬದಲಾವಣೆಯೂ ಕೂಡಲೇ ಖಾಯಂ ಆಗುವುದನ್ನು, ನಿಲ್ಲಿಸಲು ಬರುವುದಿಲ್ಲ. ಒಂದು ಖಾತೆಯಿಂದ ಕಳೆದು ಇನ್ನೊಂದಕ್ಕೆ ಸೇರಿಸುವಂಥ, ಎರಡೂ ಆಗಬೇಕು ಇಲ್ಲವೇ ಎರಡೂ ಆಗಬಾರದು ಅನ್ನುವ ಕೆಲಸವನ್ನು ಇದಕ್ಕೆ ಕೊಡಬೇಡಿ.

ನಾನು ಈಗ ಹೊಸ ಕೋಡ್ ಪರೀಕ್ಷಿಸುವಾಗ ಪೆಡಾಂಟಿಕ್ ಹಾಕುತ್ತೇನೆ, ತಪ್ಪು ಆದಲ್ಲೇ ಸಿಕ್ಕಿಬೀಳುತ್ತದೆ. ಜನ ಬಳಸುವ ಕಡೆ ಕ್ಲಾಸಿಕ್. ಎರಡರ ನಡುವೆ ಬದಲಾಗುವುದು ಡಿಎಸ್‌ಎನ್ ಸಾಲಿನ, ಅಂದರೆ ಯಾವ ಡೇಟಾಬೇಸ್‌ಗೆ ಹೇಗೆ ಹೋಗಬೇಕು ಅಂತ ಹೇಳುವ ಸಾಲಿನ, ಒಂದೇ ಪದ.