ಮೆಟ್ರೋ ಆಪ್ ಮುಚ್ಚುವುದು ಹೇಗೆ? ಅದಕ್ಕಿಂತ ಮೊದಲು, ಮುಚ್ಚುವುದು ಯಾಕೆ?

ಪ್ರಶ್ನೆ (2012ರದ್ದು): ವಿಂಡೋಸ್ 8 ಕನ್ಸ್ಯೂಮರ್ ಪ್ರಿವ್ಯೂ, ಅಂದರೆ ಬಿಡುಗಡೆಗೆ ಮುಂಚೆ ಜನ ಬಳಸಿ ನೋಡಲೆಂದು ಕೊಟ್ಟ ಆವೃತ್ತಿ, ಹಾಕಿಕೊಂಡಿದ್ದೇನೆ. ಮೆಟ್ರೋ ಆಪ್ (ವಿಂಡೋಸ್ 8ರ ಹೊಸ ಬಗೆಯ ಆಪ್) ತೆರೆದರೆ ಇಡೀ ಪರದೆ ತುಂಬಿಕೊಳ್ಳುತ್ತದೆ. ಮೂಲೆಯಲ್ಲಿ ಇಂಟು ಮಾರ್ಕ್ ಇಲ್ಲ. ಮುಚ್ಚುವುದು ಹೇಗೆ? ಮುಚ್ಚದೆ ಬಿಟ್ಟರೆ ಎಲ್ಲವೂ ಹಿಂದೆ ಓಡುತ್ತಲೇ ಇದ್ದು ಕಂಪ್ಯೂಟರ್ ನಿಧಾನ ಆಗುವುದಿಲ್ಲವೇ?

ಉತ್ತರ: ಕನ್ಸ್ಯೂಮರ್ ಪ್ರಿವ್ಯೂ ಬಂದಿದ್ದು 2012ರ ಫೆಬ್ರುವರಿ 29ಕ್ಕೆ. ಅವತ್ತಿನಿಂದ ಈ ಪ್ರಶ್ನೆಗೆ ಫೋನಿನಲ್ಲಿ ಉತ್ತರ ಹೇಳಿದ್ದೇನೆ, ಮೇಲ್‌ನಲ್ಲಿ ಬರೆದಿದ್ದೇನೆ, ಒಮ್ಮೆ ಲಿಫ್ಟಿನ ಬಾಗಿಲು ಹಿಡಿದು ನಿಂತುಕೊಂಡೂ ವಿವರಿಸಿದ್ದೇನೆ. ಮೊದಲ ದಿನವೇ 10 ಲಕ್ಷ ಸಲ ಡೌನ್‌ಲೋಡ್ ಆಯಿತು ಎಂದು ಮೈಕ್ರೋಸಾಫ್ಟ್ ಹೇಳಿಕೊಂಡಿತ್ತು. ಅದರಲ್ಲಿ ಅರ್ಧ ಜನ ನನ್ನನ್ನೇ ಹುಡುಕಿಕೊಂಡು ಬರುತ್ತಿದ್ದಾರೇನೋ ಅನ್ನಿಸುತ್ತದೆ. ಇರಲಿ, ಇದೊಂದು ಸಲ ಪೂರ್ತಿ ಬರೆದುಬಿಡುತ್ತೇನೆ. ಮುಂದೆ ಯಾರು ಕೇಳಿದರೂ ಇದನ್ನೇ ಓದಿ ಅನ್ನುತ್ತೇನೆ.

ಮುಚ್ಚುವ ದಾರಿಯನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಇಲ್ಲದಿದ್ದರೆ ಮುಂದಿನದನ್ನು ಯಾರೂ ಓದುವುದಿಲ್ಲ. ಮೌಸನ್ನು ಪರದೆಯ ಮೇಲಂಚಿಗೆ ಒಯ್ಯಿರಿ. ಬಾಣ ಹೋಗಿ ಪುಟ್ಟ ಕೈ ಕಾಣಿಸುತ್ತದೆ. ಒತ್ತಿ ಹಿಡಿದು ಕೆಳಗೆ ಎಳೆಯಿರಿ. ಆಪ್ ಕುಗ್ಗಿ ಮೌಸಿನ ಜೊತೆಗೇ ಇಳಿಯುತ್ತದೆ. ಕೆಳಗಿನ ತುದಿಯವರೆಗೂ ಎಳೆದು ಬಿಡಿ, ಮುಚ್ಚಿತು. ಅರ್ಧಕ್ಕೇ ಕೈ ಬಿಟ್ಟರೆ ಮತ್ತೆ ಮೇಲೆ ಹೋಗಿ ಕೂರುತ್ತದೆ. ‘ನನಗೆ ಬರ್ತಿಲ್ಲ’ ಅನ್ನುವವರಲ್ಲಿ ಹೆಚ್ಚಿನವರು ಮಾಡುವ ತಪ್ಪು ಇದೊಂದೇ. ಟಚ್ ಪರದೆ ಇದ್ದವರು ಬೆರಳಿನಲ್ಲಿ ಇದನ್ನೇ ಮಾಡಬಹುದು. ಇಷ್ಟೆಲ್ಲ ಕಸರತ್ತು ಬೇಡ ಅನ್ನುವವರಿಗೆ ನಮ್ಮ ಹಳೆಯ ಆಲ್ಟ್ ಮತ್ತು ಎಫ್4 ಕೀ ಇದ್ದೇ ಇದೆ.

ಪರದೆ ಮೇಲೆ ಇದ್ಯಾವುದರ ಸುಳಿವೂ ಇಲ್ಲ, ಒಪ್ಪುತ್ತೇನೆ. ಮೇಲಂಚು ಹಿಡಿದು ಎಳೆಯಬೇಕು ಅಂತ ಯಾರಿಗೆ ತಾನೇ ಕನಸು ಬೀಳುತ್ತದೆ? ಆದರೂ ನಿಮಗೆ ಸಿಕ್ಕಿರುವುದು ಎಷ್ಟೋ ವಾಸಿ. 2011ರ ಸೆಪ್ಟೆಂಬರಿನಲ್ಲಿ, ಆಪ್ ಬರೆಯುವವರಿಗಾಗಿ ಬಂದ ಡೆವಲಪರ್ ಪ್ರಿವ್ಯೂನಲ್ಲಿ ಎಳೆದು ಮುಚ್ಚುವ ಈ ದಾರಿಯೇ ಇರಲಿಲ್ಲ. ತೆರೆದಿರುವ ಪ್ರೋಗ್ರಾಂಗಳ ಪಟ್ಟಿ ತೋರಿಸುವ ಟಾಸ್ಕ್ ಮ್ಯಾನೇಜರ್ ತೆಗೆದು ಎಂಡ್ ಟಾಸ್ಕ್ ಕೊಡಬೇಕಿತ್ತು.

ಯಾಕೆ ಇರಲಿಲ್ಲ? ಮರೆತು ಬಿಟ್ಟಿದ್ದಲ್ಲ. ಬೇಕಾಗುವುದಿಲ್ಲ ಅಂತ ಬಿಟ್ಟಿದ್ದು. ನಿಮ್ಮ ಪ್ರಶ್ನೆಯ ಎರಡನೇ ಭಾಗಕ್ಕೆ ಉತ್ತರ ಇರುವುದು ಇಲ್ಲೇ. ನನ್ನ ತಲೆ ತಿಂದಿರುವುದೂ ಅದೇ: ‘ಮುಚ್ಚದ ಆಪ್ ಹಿಂದೆ ಓಡುತ್ತಿರುತ್ತದೆ.’

ಓಡುತ್ತಿರುವುದಿಲ್ಲ. ಸುಮ್ನೆ ನನ್ನ ಮಾತು ನಂಬಬೇಡಿ, ನೋಡಿಬಿಡೋಣ. ಸ್ಟಾರ್ಟ್ ಸ್ಕ್ರೀನಿನಿಂದ, ಅಂದರೆ ಟೈಲ್ ಅನ್ನುವ ಬಣ್ಣದ ಚೌಕಗಳಿರುವ ಪರದೆಯಿಂದ, ಹವಾಮಾನ ತೋರಿಸುವ ವೆದರ್ ಆಪ್ ತೆರೆಯಿರಿ. ಈಗ ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರನ್ನೂ ಒಟ್ಟಿಗೆ ಒತ್ತಿ. ಡೆಸ್ಕ್‌ಟಾಪಿಗೆ ಬಂದು ಟಾಸ್ಕ್ ಮ್ಯಾನೇಜರ್ ತೆರೆದುಕೊಳ್ಳುತ್ತದೆ. ಚಿಕ್ಕ ಪಟ್ಟಿ ಬಂದರೆ ಕೆಳಗಿರುವ ಮೋರ್ ಡೀಟೇಲ್ಸ್ ಒತ್ತಿ. ಪಟ್ಟಿಯಲ್ಲಿ ವೆದರ್ ಇದೆ ಅಲ್ವಾ? ಅದರ ಸಾಲಿನ ಮೇಲೆ ಕಣ್ಣಿಟ್ಟು ಹತ್ತು ಎಣಿಸಿ. ಅಷ್ಟರಲ್ಲಿ ಸಿಪಿಯು (ಲೆಕ್ಕ ಮಾಡುವ ಚಿಪ್) ಕಾಲಂ ಸೊನ್ನೆಗೆ ಇಳಿದಿರುತ್ತದೆ, ಸ್ಟೇಟಸ್ ಕಾಲಂನಲ್ಲಿ ‘ಸಸ್ಪೆಂಡೆಡ್’ (ತಡೆಹಿಡಿದಿದೆ) ಎಂದು ಬಂದಿರುತ್ತದೆ. ಬರದಿದ್ದರೆ ವ್ಯೂ ಮೆನುವಿನ ಸ್ಟೇಟಸ್ ವ್ಯಾಲ್ಯೂಸ್‌ನಲ್ಲಿ ಅದನ್ನು ತೋರಿಸು ಅಂತ ಹೇಳಬೇಕು. ಮತ್ತೆ ಸ್ಟಾರ್ಟ್ ಸ್ಕ್ರೀನಿಗೆ ಹೋಗಿ ವೆದರ್ ಟೈಲ್ ಒತ್ತಿ. ಬಿಟ್ಟ ಜಾಗದಲ್ಲೇ ತಟ್ಟನೆ ಎದುರಿಗೆ ಬರುತ್ತದೆ. ಇನ್ನೊಂದು ಸಲ ಡೆಸ್ಕ್‌ಟಾಪಿಗೆ ಬಂದು ಪಟ್ಟಿ ನೋಡಿ, ಮತ್ತೆ ಹತ್ತು ಎಣಿಸಿ, ಮತ್ತೆ ಸಸ್ಪೆಂಡೆಡ್.

ಮಕ್ಕಳ ಆಟದಲ್ಲಿ ‘ಸ್ಟ್ಯಾಚ್ಯೂ’ ಅಂದರೆ ಎತ್ತಿದ ಕಾಲು ಎತ್ತಿದಂತೆಯೇ ನಿಲ್ಲಬೇಕಲ್ಲ, ಇದೂ ಹಾಗೇ. ಆಪ್ ಪರದೆಯಿಂದ ಸರಿದ ಕೆಲವೇ ಸೆಕೆಂಡಿಗೆ ವಿಂಡೋಸ್ ಅದಕ್ಕೆ ಸಿಪಿಯು ಕೊಡುವುದನ್ನೇ ನಿಲ್ಲಿಸುತ್ತದೆ. ಲೆಕ್ಕ ಮಾಡಲು, ಏನನ್ನಾದರೂ ತರಿಸಿಕೊಳ್ಳಲು, ಬ್ಯಾಟರಿ ತಿನ್ನಲು ಅದಕ್ಕೆ ಕೈಕಾಲೇ ಇರುವುದಿಲ್ಲ.

ಇಲ್ಲಿಗೆ ಬಂದ ತಕ್ಷಣ ಎದುರಿಗಿದ್ದವರು ನಗುತ್ತಾ ಒಂದು ಪಟ್ಟು ಹಾಕುತ್ತಾರೆ. ‘ಮತ್ತೆ ಸ್ಟಾರ್ಟ್ ಸ್ಕ್ರೀನಿನಲ್ಲಿ ವೆದರ್ ಟೈಲ್ ಬದಲಾಗ್ತಾನೇ ಇರುತ್ತಲ್ಲ? ಓಡದೇ ಅದು ಹೇಗೆ?’ ಒಳ್ಳೆಯ ಪ್ರಶ್ನೆ, ನಿಜಕ್ಕೂ. ಆದರೆ ಟೈಲ್ ಬದಲಾಯಿಸುವುದು ಆಪ್ ಅಲ್ಲ, ವಿಂಡೋಸ್. ಸರ್ವರಿನಿಂದ ಬರುವ ಚುಟುಕು ಸುದ್ದಿಯನ್ನು ಅದು ತಾನೇ ತೆಗೆದುಕೊಂಡು ಟೈಲ್ ಮೇಲೆ ಬರೆಯುತ್ತದೆ. ಆಪ್ ಆಗ ಮಲಗಿರಬಹುದು, ನೀವು ಅದನ್ನು ಪೂರ್ತಿ ಮುಚ್ಚಿಯೇ ಇರಬಹುದು. ಪರೀಕ್ಷೆ ಮಾಡಬೇಕೆ? ವೆದರ್ ಮುಚ್ಚಿ, ಸ್ವಲ್ಪ ಹೊತ್ತು ಬಿಟ್ಟು ಟಾಸ್ಕ್ ಮ್ಯಾನೇಜರ್ ನೋಡಿ. ಪಟ್ಟಿಯಲ್ಲಿ ಅದರ ಹೆಸರೇ ಇರುವುದಿಲ್ಲ. ಟೈಲ್ ಮಾತ್ರ ತನ್ನ ಪಾಡಿಗೆ ಬದಲಾಗುತ್ತಿರುತ್ತದೆ.

ಎರಡನೇ ಪಟ್ಟು: ‘ಸರಿ, ಓಡಲ್ಲ. ಮೆಮೊರಿಯಲ್ಲಿ ಇರುತ್ತಲ್ಲ?’ ಇರುತ್ತದೆ. ಇದ್ದರೆ ಏನಾಯಿತು? ಖಾಲಿ ಇಟ್ಟ ಮೆಮೊರಿಗೆ ಬಡ್ಡಿ ಬರುವುದಿಲ್ಲ. ಬೇರೆ ಯಾವುದಕ್ಕೂ ಜಾಗ ಬೇಕಿಲ್ಲದಾಗ ಆಪ್ ಅಲ್ಲೇ ಇದ್ದರೆ ಲಾಭ ನಿಮಗೇ, ಮುಂದಿನ ಸಲ ಕಾಯದೇ ತೆರೆದುಕೊಳ್ಳುತ್ತದೆ. ಜಾಗ ಬೇಕಾಯಿತು ಅಂದುಕೊಳ್ಳಿ. ಆಗ ವಿಂಡೋಸ್ ನಿಮ್ಮನ್ನು ಕೇಳದೆ, ಆಪನ್ನೂ ಕೇಳದೆ, ಮಲಗಿದವುಗಳಲ್ಲಿ ಒಂದನ್ನು ಎತ್ತಿ ಹೊರಗೆ ಹಾಕುತ್ತದೆ. ನೀವು ಬೆವರು ಸುರಿಸಿ ಒಂದೊಂದನ್ನೇ ಎಳೆದು ಮಾಡುವ ಕೆಲಸವನ್ನೇ, ಬೇಕಾದಾಗ ಮಾತ್ರ, ಬೇಕಾದಷ್ಟು ಮಾತ್ರ.

ಮುನ್ಸೂಚನೆ ಇಲ್ಲದೆ ಹೊರಗೆ ಹಾಕಿದರೆ ನಾನು ಬರೆಯುತ್ತಿದ್ದದ್ದು, ಆಡುತ್ತಿದ್ದ ಆಟ ಎಲ್ಲ ಹೋಯಿತಲ್ಲ? ಹೋಗಬಾರದು. ಮಲಗಿಸುವ ಮುಂಚೆ ವಿಂಡೋಸ್ ಆಪ್‌ಗೆ ಒಂದು ಮಾತು ಹೇಳುತ್ತದೆ, ಉಳಿಸಿಕೊಳ್ಳುವುದನ್ನು ಉಳಿಸಿಕೊಳ್ಳಲು 5 ಸೆಕೆಂಡ್ ಕೊಡುತ್ತದೆ. ಆಮೇಲೆ ಹೊರಹಾಕುವಾಗ ಏನೂ ಹೇಳುವುದಿಲ್ಲ. ಹಾಗಾಗಿ ಆಪ್ ಬರೆಯುವವರು ಪ್ರತಿ ಸಲ ಮಲಗುವಾಗಲೂ ಇದೇ ಕೊನೆ ಅಂದುಕೊಂಡು ಎಲ್ಲವನ್ನೂ ಬರೆದಿಡಬೇಕು. ನೀವು ಮತ್ತೆ ತೆರೆದಾಗ ಆಪ್ ಮುಚ್ಚಿಯೇ ಇರಲಿಲ್ಲ ಅನ್ನುವ ಹಾಗೆ ಕಾಣಬೇಕು, ನಿಯಮ ಅದು. ನೀವಾಗಿಯೇ ಮುಚ್ಚಿದರೆ ನಿಯಮ ಬೇರೆ. ‘ಇವರಿಗೆ ಇದು ಸಾಕಾಗಿದೆ’ ಅಂದುಕೊಂಡು ಆಪ್ ಮುಂದಿನ ಸಲ ಮೊದಲಿನಿಂದ ಶುರು ಮಾಡುತ್ತದೆ. ಅಂದರೆ ಶಿಸ್ತಿನಿಂದ ಎಲ್ಲ ಮುಚ್ಚುವವರೇ ತಾವು ಎಲ್ಲಿದ್ದೆವು ಅನ್ನುವುದನ್ನು ಕಳೆದುಕೊಳ್ಳುವುದು. ಸಾಲದ್ದಕ್ಕೆ ಪ್ರತಿ ಸಲ ಆಪ್‌ನ ಹೆಸರಿನ ಆ ಬಣ್ಣದ ಪರದೆ ನೋಡುತ್ತಾ ಕೂರಬೇಕು. ಕಂಪ್ಯೂಟರ್ ವೇಗವಾಗಲಿ ಅಂತ ಮಾಡಿದ್ದು ತಾನೇ ಇದು?

ಈ ನಂಬಿಕೆ ಎಲ್ಲಿಂದ ಬಂತು ಅನ್ನುವುದೂ ನನಗೆ ಗೊತ್ತು, ಹಾಗಾಗಿ ಜಾಸ್ತಿ ಬಯ್ಯಲಾರೆ. 1995ರಲ್ಲಿ ವಿಂಡೋಸ್ 95 ಬಂದಾಗ ಕಿಟಕಿಯ ಬಲಮೂಲೆಗೆ ಇಂಟು ಮಾರ್ಕ್ ಬಂತು. ಅದಕ್ಕೂ ಮೊದಲು ವಿಂಡೋಸ್ 3.1ರಲ್ಲಿ ಎಡಮೂಲೆಯ ಪುಟ್ಟ ಚೌಕಕ್ಕೆ ಡಬಲ್ ಕ್ಲಿಕ್ ಮಾಡಿ ಮುಚ್ಚುತ್ತಿದ್ದೆವು. (ಅದು ವಿಂಡೋಸ್ 8ರಲ್ಲೂ ಕೆಲಸ ಮಾಡುತ್ತದೆ. ಡೆಸ್ಕ್‌ಟಾಪಿನಲ್ಲಿ ನೋಟ್‌ಪ್ಯಾಡ್ ತೆರೆದು ಎಡಮೂಲೆಯ ಐಕಾನಿಗೆ ಎರಡು ಸಲ ಕುಟ್ಟಿ ನೋಡಿ.) ಆ ಕಾಲದಲ್ಲಿ ತೆರೆದದ್ದನ್ನು ಮುಚ್ಚದಿದ್ದರೆ ಕಂಪ್ಯೂಟರ್ ನಿಜವಾಗಿಯೂ ಏದುಸಿರು ಬಿಡುತ್ತಿತ್ತು. ನಾಲ್ಕು ಪ್ರೋಗ್ರಾಂ ತೆರೆದರೆ ಹಾರ್ಡ್ ಡಿಸ್ಕ್ ಕರಕರ ಅನ್ನುತ್ತಿತ್ತು. ‘ಕೆಲಸ ಮುಗೀತಾ, ಮುಚ್ಚು’ ಅಂತ ನಾನೇ ಎಷ್ಟು ಜನಕ್ಕೆ ಹೇಳಿಕೊಟ್ಟಿದ್ದೇನೆ. ಈಗ ಅದೇ ಜನ ಬಂದು ನನಗೆ ಪಾಠ ಮಾಡುತ್ತಿದ್ದಾರೆ.

ಇನ್ನೊಂದು ಮಾತು, ಇದನ್ನು ಬಿಟ್ಟರೆ ನಾಳೆ ಇದಕ್ಕೂ ಫೋನ್ ಬರುತ್ತದೆ. ಇಷ್ಟು ಹೊತ್ತು ಹೇಳಿದ್ದು ಮೆಟ್ರೋ ಆಪ್‌ಗಳಿಗೆ ಮಾತ್ರ. ಡೆಸ್ಕ್‌ಟಾಪಿನ ಹಳೆಯ ಪ್ರೋಗ್ರಾಂಗಳು ಹಳೆಯ ಹಾಗೇ. ಮಿನಿಮೈಸ್ ಮಾಡಿದರೂ ಅವು ಓಡುತ್ತಲೇ ಇರುತ್ತವೆ, ಅವಕ್ಕೆ ಇಂಟು ಮಾರ್ಕ್ ಇದೆ, ಮುಚ್ಚಿ. ಮೆಟ್ರೋದಲ್ಲೂ ಹಾಡು ನುಡಿಸುವ ಆಪ್ ಮಲಗುವುದಿಲ್ಲ, ಮಲಗಿದರೆ ಹಾಡೇ ನಿಲ್ಲುತ್ತದಲ್ಲ. ಆಪ್ ಶುರು ಮಾಡಿದ ದೊಡ್ಡ ಡೌನ್‌ಲೋಡನ್ನು ಅದರ ಪರವಾಗಿ ವಿಂಡೋಸೇ ಮುಂದುವರಿಸಬಲ್ಲದು. ಲಾಕ್ ಸ್ಕ್ರೀನಿನಲ್ಲಿ ಜಾಗ ಕೊಟ್ಟ ಆಪ್‌ಗಳಿಗೆ ಆಗಾಗ ಒಂದಿಷ್ಟು ಕೆಲಸ ಮಾಡಿಕೊಳ್ಳಲು ಬಿಡುತ್ತದೆ, ಅಂಥವು ಹೆಚ್ಚೆಂದರೆ 7. ಇನ್ನು ಯಾವುದಾದರೂ ಆಪ್ ನಿಂತಲ್ಲೇ ಕಲ್ಲಾಗಿ ಕೂತರೆ ಎಳೆದು ಮುಚ್ಚಿ, ಯಾರ ಅಪ್ಪಣೆಯೂ ಬೇಡ. ಕನ್ಸ್ಯೂಮರ್ ಪ್ರಿವ್ಯೂ ಜೊತೆಗೆ ಬಂದ ಮೇಲ್, ಕ್ಯಾಲೆಂಡರ್, ಪೀಪಲ್ ಆಪ್‌ಗಳ ಮೇಲೇ ‘ಆಪ್ ಪ್ರಿವ್ಯೂ’ ಅಂತ ಬರೆದಿತ್ತು, ಅವೂ ಆಗ ಅರೆಬೆಂದವು.

ಉತ್ತರ ಇಲ್ಲಿಗೆ ಮುಗಿಯಿತು. ಆದರೆ ಮುಚ್ಚುವ ಮಾತು ಬಂದಿದ್ದರಿಂದ ಯಾರೂ ಕೇಳದ ಒಂದು ಪ್ರಶ್ನೆಗೂ ಉತ್ತರ ಹೇಳಿಬಿಡುತ್ತೇನೆ. ‘ಶಟ್‌ಡೌನ್ ಎಲ್ಲಿದೆ?’ ಅಂತ ದಿನಾ ಕೇಳುತ್ತಾರೆ. (ವಿಂಡೋಸ್ ಕೀ ಜೊತೆ ಐ ಒತ್ತಿ, ಪವರ್ ಅನ್ನುವುದರಲ್ಲಿದೆ.) ಅದನ್ನು ಒತ್ತಿದರೆ ಏನಾಗುತ್ತದೆ ಅಂತ ಮಾತ್ರ ಇವತ್ತಿನವರೆಗೂ ಒಬ್ಬರೂ ಕೇಳಿಲ್ಲ.

ಕಂಪ್ಯೂಟರ್ ಪೂರ್ತಿ ಆಫ್ ಆಗುತ್ತದೆ ಅಂದುಕೊಂಡಿದ್ದೀರಿ ಅಲ್ವಾ? ಕರೆಂಟ್ ಮಟ್ಟಿಗೆ ಹೌದು. ನಿಮ್ಮ ಪ್ರೋಗ್ರಾಂಗಳು ಮುಚ್ಚುತ್ತವೆ, ನಿಮ್ಮ ಲಾಗಿನ್ ಮುಗಿಯುತ್ತದೆ. ಆದರೆ ಅದರ ಕೆಳಗಿರುವ ವಿಂಡೋಸಿನ ತಿರುಳು ಮುಚ್ಚುವುದಿಲ್ಲ. ಡ್ರೈವರುಗಳ (ಸೌಂಡ್, ವೈಫೈ ಮುಂತಾದ ಭಾಗಗಳನ್ನು ನಡೆಸುವ ಪ್ರೋಗ್ರಾಂಗಳ) ಸಮೇತ ಅದು ಇದ್ದ ಹಾಗೇ ಹಾರ್ಡ್ ಡಿಸ್ಕಿನ ಒಂದು ಫೈಲಿಗೆ ಬರೆದುಕೊಂಡು ಮಲಗುತ್ತದೆ, ತೆರೆದದ್ದೆಲ್ಲವನ್ನೂ ಡಿಸ್ಕಿಗೆ ಬರೆದಿಟ್ಟು ಆಫ್ ಆಗುವ ಹೈಬರ್ನೇಟ್‌ಗೆ ಬಳಸುವ ಅದೇ ಫೈಲ್. ಬೆಳಿಗ್ಗೆ ಬಟನ್ ಒತ್ತಿದಾಗ ಅದನ್ನು ಮತ್ತೆ ಮೆಮೊರಿಗೆ ಓದಿಕೊಳ್ಳುತ್ತದೆ, ಎಲ್ಲವನ್ನೂ ಹೊಸದಾಗಿ ಕಟ್ಟುವ ಗೋಜಿಲ್ಲ. ವಿಂಡೋಸ್ 8 ಬೇಗ ಶುರುವಾಗುತ್ತದೆ ಅಂತ ಎಲ್ಲರೂ ಬಾಯಿ ಬಿಡುವುದು ಇದಕ್ಕೇ. ತಾವು ನೋಡಿದ ಹೆಚ್ಚಿನ ಕಂಪ್ಯೂಟರುಗಳಲ್ಲಿ ಶೇ. 30ರಿಂದ 70ರಷ್ಟು ಬೇಗ ಶುರುವಾಯಿತು ಎಂದು ಮೈಕ್ರೋಸಾಫ್ಟ್ ಹೇಳಿದೆ.

ಇದರಿಂದ ನಿಮಗೆ ಎರಡು ಕಡೆ ವ್ಯತ್ಯಾಸ ಆಗುತ್ತದೆ. ಸೌಂಡ್ ಹೋಯಿತು, ವೈಫೈ ಸಿಗುತ್ತಿಲ್ಲ ಅಂದಾಗ ‘ಆಫ್ ಮಾಡಿ ಆನ್ ಮಾಡಿ’ ಅನ್ನುವ ಹಳೆಯ ಮದ್ದು ಇದೆಯಲ್ಲ, ಶಟ್‌ಡೌನ್ ಕೊಟ್ಟು ಆನ್ ಮಾಡಿದರೆ ಅದು ಇಲ್ಲಿ ಕೈಕೊಡಬಹುದು. ಕೆಟ್ಟ ಡ್ರೈವರ್ ಕೆಟ್ಟ ಸ್ಥಿತಿಯಲ್ಲೇ ಮಲಗಿ, ಹಾಗೇ ಎದ್ದು ಬಂದಿರುತ್ತದೆ. ರೀಸ್ಟಾರ್ಟ್ ಕೊಡಿ. ರೀಸ್ಟಾರ್ಟ್ ಮಾತ್ರ ಎಲ್ಲವನ್ನೂ ನಿಜವಾಗಿ ಮುಚ್ಚಿ ಹೊಸದಾಗಿ ಶುರು ಮಾಡುತ್ತದೆ. ಮೊದಲೆಲ್ಲ ರೀಸ್ಟಾರ್ಟಿಗಿಂತ ಶಟ್‌ಡೌನ್ ಗಟ್ಟಿ ಅನ್ನುತ್ತಿದ್ದೆವು, ಈಗ ಉಲ್ಟಾ.

ಎರಡನೆಯದು ಸ್ವಲ್ಪ ಗಂಭೀರ. ಪ್ರಿವ್ಯೂ ಹಾಕಿಕೊಂಡವರಲ್ಲಿ ಬುದ್ಧಿವಂತರು ಅದನ್ನು ಬೇರೆ ಪಾರ್ಟಿಷನ್ನಿಗೆ (ಡಿಸ್ಕಿನ ಬೇರೆ ಭಾಗಕ್ಕೆ) ಹಾಕಿ, ಪಕ್ಕದಲ್ಲಿ ವಿಂಡೋಸ್ 7 ಅಥವಾ ಲಿನಕ್ಸ್ ಅನ್ನುವ ಬೇರೆ ಸಿಸ್ಟಮ್ ಉಳಿಸಿಕೊಂಡಿದ್ದರು. ವಿಂಡೋಸ್ 8 ಹೀಗೆ ಅರ್ಧ ಮಲಗಿರುವಾಗ ನೀವು ಇನ್ನೊಂದು ಸಿಸ್ಟಮ್‌ಗೆ ಹೋಗಿ ವಿಂಡೋಸ್ 8ರ ಪಾರ್ಟಿಷನ್ನಿನಲ್ಲಿ ಫೈಲ್ ಇಟ್ಟರೆ, ಎದ್ದ ಮೇಲೆ ಅದಕ್ಕೆ ಆ ಸುದ್ದಿಯೇ ಗೊತ್ತಿರುವುದಿಲ್ಲ. ಮಲಗುವಾಗ ಇದ್ದ ಲೆಕ್ಕವನ್ನೇ ನಂಬಿ ಮುಂದುವರಿಯುತ್ತದೆ. ಇಟ್ಟ ಫೈಲ್ ಮಾಯವಾಗಬಹುದು, ಡಿಸ್ಕಿನ ಲೆಕ್ಕವೇ ಕೆಡಬಹುದು. ಲಿನಕ್ಸಿನ ಕೆಲವು ಪ್ರೋಗ್ರಾಂಗಳು ಇಂಥ ಪಾರ್ಟಿಷನ್ ಕಂಡರೆ ಬರೆಯಲು ಬಿಡುವುದೇ ಇಲ್ಲ.

ಎರಡು ಸಿಸ್ಟಮ್ ಇಟ್ಟುಕೊಂಡವರು ಅರ್ಧ ಮಲಗುವ ಈ ಏರ್ಪಾಡನ್ನು, ಅದರ ಹೆಸರು ಫಾಸ್ಟ್ ಸ್ಟಾರ್ಟಪ್, ಆಫ್ ಮಾಡಿಬಿಡಿ. ಕಂಟ್ರೋಲ್ ಪ್ಯಾನೆಲ್‌ನಲ್ಲಿ ಪವರ್ ಆಪ್ಷನ್ಸ್, ಅದರ ಎಡಗಡೆ ಪವರ್ ಬಟನ್ ಏನು ಮಾಡಬೇಕು ಎಂದು ಆರಿಸುವ ಲಿಂಕ್. ಕೆಳಗೆ ಫಾಸ್ಟ್ ಸ್ಟಾರ್ಟಪ್ ಅಂತ ಇದೆ, ಆದರೆ ಮಂಕಾಗಿದ್ದು ಟಿಕ್ ತೆಗೆಯಲು ಬರುವುದಿಲ್ಲ. ಅದೇ ಪುಟದ ಮೇಲ್ಗಡೆ, ಈಗ ಬದಲಾಯಿಸಲು ಆಗದ ಸೆಟ್ಟಿಂಗ್‌ಗಳನ್ನು ಬದಲಾಯಿಸಲು ಒಂದು ಲಿಂಕ್ ಇದೆ. ಮೊದಲು ಅದನ್ನು ಒತ್ತಿ, ಆಮೇಲೆ ಟಿಕ್ ತೆಗೆದು ಸೇವ್ ಮಾಡಿ. ಶುರುವಾಗುವುದು ಸ್ವಲ್ಪ ತಡವಾಗುತ್ತದೆ, ಅಷ್ಟೇ.