ಆ ‘ರಾಜ್ಯ’ ಯಾವ ರಾಜ್ಯ? ಎಂಟನೇ ಕ್ಲಾಸಿಗೆ ಮೂಲಭೂತ ಹಕ್ಕು ಪಾಠ ಮಾಡಹೊರಟವರಿಗೆ

ಬಿ.ಎಡ್. ಇಂಟರ್ನ್‌ಶಿಪ್‌ನಲ್ಲಿ ನನಗೆ ಸಿಕ್ಕಿದ್ದು ಮೂಲಭೂತ ಹಕ್ಕುಗಳ ಪಾಠ. ಆರು ಹಕ್ಕುಗಳ ಚಾರ್ಟ್ ಬರೆದುಕೊಂಡು ಹೋಗಿದ್ದೆ. ಹದಿನೈದು ನಿಮಿಷ ಚೆನ್ನಾಗೇ ಸಾಗಿತು. ಆಮೇಲೆ ಎರಡನೇ ಬೆಂಚಿನ ಹುಡುಗಿ ಎದ್ದು ನಿಂತಳು. “ಮಿಸ್, ನಮ್ಮಣ್ಣ ನನ್ನ ಡೈರಿ ಕದ್ದು ಓದ್ತಾನೆ. ಅವನ ಮೇಲೆ ಸುಪ್ರೀಂ ಕೋರ್ಟಿಗೆ ಹೋಗ್ಬೋದಾ?”

ಕ್ಲಾಸೆಲ್ಲ ನಕ್ಕಿತು. ನಾನೂ ನಕ್ಕೆ, ಸುಮ್ನೆ ಸಮಯ ತಳ್ಳೋಕೆ. ಹೋಗೋಕಾಗಲ್ಲ ಅಂತ ಗೊತ್ತಿತ್ತು. ಯಾಕೆ ಅಂತ ಗೊತ್ತಿರಲಿಲ್ಲ. “ನಾಳೆ ಹೇಳ್ತೀನಿ” ಅಂದೆ. ಆ ರಾತ್ರಿ ಓದಿದ್ದೇ ಈ ಟಿಪ್ಪಣಿ. ಹಕ್ಕುಗಳ ಪಟ್ಟಿ, 1950ರ ಜನವರಿ 26, ಅದೆಲ್ಲ ಪಠ್ಯಪುಸ್ತಕದಲ್ಲೇ ಇದೆ, ಬಿಡಿ. ‘ವಿಧಿ’ ಅಂದರೂ ‘ಅನುಚ್ಛೇದ’ ಅಂದರೂ ಒಂದೇ, ಅದಕ್ಕೂ ತಲೆ ಕೆಡಿಸಿಕೊಳ್ಳಬೇಡಿ.

ನಾನು ಎಡವಿದ ಜಾಗ: 12ನೇ ವಿಧಿ

ಹಕ್ಕುಗಳ ಭಾಗದಲ್ಲಿ ‘ರಾಜ್ಯವು ಹೀಗೆ ಮಾಡಬಾರದು’ ಅಂತ ಮತ್ತೆ ಮತ್ತೆ ಬರುತ್ತದೆ. 14ನೇ ವಿಧಿಯಲ್ಲಿ, ರಾಜ್ಯವು ಯಾರಿಗೂ ಸಮಾನತೆ ನಿರಾಕರಿಸಬಾರದು. 15ರಲ್ಲಿ, ರಾಜ್ಯವು ಜಾತಿ, ಧರ್ಮ, ಲಿಂಗದ ಕಾರಣಕ್ಕೆ ಭೇದ ಮಾಡಬಾರದು. ನಾನು ಇಷ್ಟು ವರ್ಷ ಇದನ್ನು ಓದಿದಾಗಲೆಲ್ಲ ತಲೆಯಲ್ಲಿ ಬರುತ್ತಿದ್ದದ್ದು ಕರ್ನಾಟಕ, ವಿಧಾನಸೌಧ, ರಾಜ್ಯೋತ್ಸವ! ಹಾಗಾದರೆ ಕೇಂದ್ರ ಸರ್ಕಾರ ಭೇದ ಮಾಡಬಹುದಾ ಅನ್ನುವ ಪ್ರಶ್ನೆ ಒಮ್ಮೆಯೂ ಹೊಳೆದಿರಲಿಲ್ಲ.

ತೊಡಕು ಇಷ್ಟೇ. ನಮ್ಮ ‘ರಾಜ್ಯ’ಕ್ಕೆ ಎರಡು ಅರ್ಥ ಇವೆ. ರಾಜ್ಯಪಾಲ, ರಾಜ್ಯ ಸರ್ಕಾರ ಅಂದಾಗ ಅದು ಕರ್ನಾಟಕ, ಕೇರಳದಂಥದ್ದು. 1ನೇ ವಿಧಿ ಭಾರತವನ್ನು ರಾಜ್ಯಗಳ ಒಕ್ಕೂಟ ಅನ್ನುವಾಗಲೂ ಇದೇ ಅರ್ಥ. ಆದರೆ ರಾಜ್ಯಶಾಸ್ತ್ರ ಅಂದಾಗ ಅದು ಕರ್ನಾಟಕದ ಶಾಸ್ತ್ರ ಅಲ್ಲ, ಅಲ್ವಾ? ಅಲ್ಲಿ ರಾಜ್ಯ ಅಂದರೆ ಪ್ರಭುತ್ವ, ಆಳುವ ಅಧಿಕಾರ ಇರುವ ವ್ಯವಸ್ಥೆ. ಮೂಲಭೂತ ಹಕ್ಕುಗಳ ಭಾಗದಲ್ಲಿರುವುದು ಈ ಎರಡನೆಯದು. ರಾಜ್ಯ ನೀತಿ ನಿರ್ದೇಶಕ ತತ್ವಗಳಲ್ಲೂ ಇದೇ.

12ನೇ ವಿಧಿ ಇದನ್ನು ಬಿಡಿಸಿ ಹೇಳುತ್ತದೆ. ಕೇಂದ್ರ ಸರ್ಕಾರ, ಸಂಸತ್ತು, ರಾಜ್ಯ ಸರ್ಕಾರಗಳು, ಅವುಗಳ ಶಾಸಕಾಂಗ, ಸ್ಥಳೀಯ ಸಂಸ್ಥೆಗಳು, ‘ಇತರ ಪ್ರಾಧಿಕಾರಗಳು’ ಎಲ್ಲವೂ ‘ರಾಜ್ಯ’. ಅಂದರೆ ನಿಮ್ಮೂರಿನ ಗ್ರಾಮ ಪಂಚಾಯಿತಿಯೂ ‘ರಾಜ್ಯ’! ಇದನ್ನು ಹೇಳಿದಾಗ ಮಕ್ಕಳ ಮುಖ ನೋಡಬೇಕು. ಒಬ್ಬ ಹುಡುಗ “ಹಂಗಾದ್ರೆ ನಮ್ಮ ಪಿಡಿಒ?” ಅಂದ. ಪಂಚಾಯಿತಿ ಪರವಾಗಿ ಅವರು ಕೆಲಸ ಮಾಡುವಾಗ, ಹೌದು.

‘ಇತರ ಪ್ರಾಧಿಕಾರಗಳು’ ಅನ್ನುವ ಎರಡು ಪದಕ್ಕೇ ಕೋರ್ಟುಗಳಲ್ಲಿ ಎಷ್ಟೋ ಜಗಳ ಆಗಿದೆ. 1967ರಲ್ಲಿ ರಾಜಸ್ಥಾನದ ವಿದ್ಯುತ್ ಮಂಡಳಿ, 1975ರಲ್ಲಿ ಎಲ್‌ಐಸಿ ಮತ್ತು ಒಎನ್‌ಜಿಸಿ ಇದರೊಳಗೆ ಬಂದವು. ಕ್ರಿಕೆಟ್‌ನ ಬಿಸಿಸಿಐ ಮಾತ್ರ 2005ರಲ್ಲಿ ಹೊರಗುಳಿಯಿತು. ಸುಪ್ರೀಂ ಕೋರ್ಟ್ ಅದು ‘ರಾಜ್ಯ’ ಅಲ್ಲ ಅಂದಿತು. ಆದರೂ ಅದು ಸಾರ್ವಜನಿಕ ಕೆಲಸ ಮಾಡುತ್ತದೆ, 226ನೇ ವಿಧಿಯಡಿ ಹೈಕೋರ್ಟಿಗೆ ಹೋಗಬಹುದು ಅಂತಲೂ ಹೇಳಿತು. ಹಿಂದಿನ ಬೆಂಚು ಎಚ್ಚರವಾಗಿದ್ದು ಈ ಉದಾಹರಣೆಗೇ.

ನನ್ನ ಅಡ್ಡದಾರಿ: ‘ಕೈ ಯಾರದು?’

ಮಕ್ಕಳಿಗೆ 12ನೇ ವಿಧಿ ಅಂತ ಶುರು ಮಾಡಬೇಡಿ. ಒಂದು ಘಟನೆ ಹೇಳಿ, ಹಿಡಿದ ಕೈ ಯಾರದು ಅಂತ ಕೇಳಿ. ಡೈರಿ ಹಿಡಿದದ್ದು ಅಣ್ಣನ ಕೈ. ಅದು ಸರ್ಕಾರದ ಕೈ ಅಲ್ಲ. ಹಾಗಾಗಿ 32ನೇ ವಿಧಿ ಹಿಡಿದು ಸುಪ್ರೀಂ ಕೋರ್ಟಿಗೆ ಹೋಗೋಕೆ ಆಗಲ್ಲ, ಅಮ್ಮನ ಹತ್ತಿರ ಹೋಗಬೇಕು. ಅದೇ ಡೈರಿಯನ್ನು ಕಾನೂನಿನ ಆಧಾರವಿಲ್ಲದೆ ಪೊಲೀಸರು ಕಿತ್ತುಕೊಂಡರೆ ಲೆಕ್ಕ ಬೇರೆ.

ಕೆಲವೊಮ್ಮೆ ಕೈ ಮುಂದೆ ಕಾಣುವವರದ್ದು ಮಾತ್ರ ಅಲ್ಲ. 1985ರಲ್ಲಿ ಕೇರಳದ ಶಾಲೆಯೊಂದು ಮೂವರು ಮಕ್ಕಳನ್ನು ಹೊರಹಾಕಿತು. ಮಕ್ಕಳು ರಾಷ್ಟ್ರಗೀತೆಗೆ ಗೌರವದಿಂದ ಎದ್ದು ನಿಲ್ಲುತ್ತಿದ್ದರು. ಆದರೆ ಹಾಡುತ್ತಿರಲಿಲ್ಲ, ಅವರ ಧರ್ಮದ ನಂಬಿಕೆ ಹಾಗಿತ್ತು. ಹೊರಹಾಕಿದ್ದು ಮುಖ್ಯೋಪಾಧ್ಯಾಯಿನಿ, ಆದರೆ ಸೂಚನೆ ಬಂದದ್ದು ಶಿಕ್ಷಣ ಇಲಾಖೆಯ ಅಧಿಕಾರಿಯಿಂದ. ಅಲ್ಲಿಗೆ ಸರ್ಕಾರದ ಕೈ ಸಿಕ್ಕಿತು. ಹಾಡಲೇಬೇಕು ಅನ್ನುವ ಕಾನೂನೇ ಇಲ್ಲ, ಇಲಾಖೆಯ ಸುತ್ತೋಲೆಯಿಂದ ಹಕ್ಕು ಕಸಿಯೋಕಾಗಲ್ಲ ಅಂತ 1986ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಮಕ್ಕಳನ್ನು ವಾಪಸ್ ಸೇರಿಸಿಕೊಳ್ಳಲು ಆದೇಶಿಸಿತು. ಈ ಕತೆ ಹೇಳುವಾಗ ‘ಹಾಡಬೇಕಾ ಬೇಡವಾ’ ಅನ್ನುವ ವಾದಕ್ಕೆ ಕ್ಲಾಸು ಜಾರುತ್ತದೆ. ಜಾರಲು ಬಿಟ್ಟರೆ ಪೀರಿಯಡ್ ಮುಗಿಯಿತು ಅಂತಲೇ ಲೆಕ್ಕ.

ಕೈ ಸರ್ಕಾರದ್ದಲ್ಲದಿದ್ದರೆ ಏನೂ ಇಲ್ವಾ?

ಇಲ್ಲಿ ಮತ್ತೆ ಎಡವಿದೆ. ಮೂಲಭೂತ ಹಕ್ಕಿನ ಕೇಸು ಆಗಲ್ಲ ಅಂದರೆ ತಪ್ಪೇ ಅಲ್ಲ ಅಂತ ಅರ್ಥ ಅಲ್ಲ. ಅಲ್ಲಿಗೆ ಬೇರೆ ಕಾನೂನು ಬರುತ್ತದೆ. ಖಾಸಗಿ ಶಾಲೆಯಲ್ಲಿ ಮಾಸ್ತರರು ಹೊಡೆದರೂ 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಕಲಂ ಇದೆ. ದೈಹಿಕ ಶಿಕ್ಷೆ ಮತ್ತು ಮಾನಸಿಕ ಹಿಂಸೆ ಎರಡೂ ನಿಷಿದ್ಧ. ಇದನ್ನು ಹೇಳುವಾಗ ಗೈಡ್ ಟೀಚರ್ ಹಿಂದೆ ಕೂತು ಕಿಟಕಿಯಾಚೆ ನೋಡುತ್ತಿದ್ದರು.

ನನ್ನ ಅಡ್ಡದಾರಿ ಎಲ್ಲ ಕಡೆ ನಡೆಯಲ್ಲ ಅನ್ನೋದೂ ಗೊತ್ತಿರಲಿ. 2023ರ ಜನವರಿಯಲ್ಲಿ ಸಂವಿಧಾನ ಪೀಠದ ಬಹುಮತ 19 ಮತ್ತು 21ನೇ ವಿಧಿಯ ಹಕ್ಕುಗಳನ್ನು ಖಾಸಗಿಯವರ ವಿರುದ್ಧವೂ ಕೇಳಬಹುದು ಅಂದಿದೆ. ಎಂಟನೇ ಕ್ಲಾಸಿಗೆ ಇದು ಬೇಡ, ಆದರೆ ಕೇಳುವ ಮಗು ಇದ್ದೇ ಇರುತ್ತದೆ.

ಮಕ್ಕಳಿಗೆ ಹೇಳಲೇಬೇಕಾದ್ದು ಹಳೆಯ, ಮೂಲದಲ್ಲೇ ಬರೆದ ಅಪವಾದಗಳು: ಅಸ್ಪೃಶ್ಯತೆಯ 17, ಜೀತ ಮತ್ತು ಮಾನವ ಸಾಗಣೆಯ 23, ಬಾಲಕಾರ್ಮಿಕರ 24, ಜೊತೆಗೆ 15(2). ಇಲ್ಲಿ ಕೈ ಯಾರದ್ದಾದರೂ ಸರಿ. 15(2) ಅಂಗಡಿ, ಹೋಟೆಲು, ಬಾವಿ, ಕೆರೆಗಳನ್ನು ಹೆಸರಿಸಿಯೇ ಹೇಳುತ್ತದೆ.

ಆಗ ಕಿಟಕಿ ಪಕ್ಕದ ಹುಡುಗ ಕೇಳಿದ: “ಕಟಿಂಗ್ ಶಾಪು ಅಂಗಡಿನಾ, ಮಿಸ್?” ಯಾಕೆ ಕೇಳಿದ ಅಂತ ಕ್ಲಾಸಿಗೆ ಗೊತ್ತಿತ್ತು, ಈ ಸಲ ಯಾರೂ ನಗಲಿಲ್ಲ. ಸಂವಿಧಾನ ರಚನಾ ಸಭೆಯಲ್ಲೂ ಇಂಥದ್ದೇ ಪ್ರಶ್ನೆ ಎದ್ದಿತ್ತು. ‘ಅಂಗಡಿ’ ಅನ್ನುವುದನ್ನು ವಿಶಾಲ ಅರ್ಥದಲ್ಲಿ ಬಳಸಿದೆ, ದುಡ್ಡಿಗೆ ಸೇವೆ ಕೊಡುವವರೂ ಅದರಲ್ಲಿ ಬರುತ್ತಾರೆ ಅಂತ ಅಂಬೇಡ್ಕರ್ 1948ರಲ್ಲೇ ಉತ್ತರಿಸಿದ್ದರು. ನಾನು ಬೋರ್ಡಿನ ಮೇಲೆ 15(2) ಅಂತ ಬರೆದು, ಪಕ್ಕದಲ್ಲಿ ‘ಕಟಿಂಗ್ ಶಾಪ್’ ಅಂತ ಸೇರಿಸಿದೆ. ಅವನು ಅದನ್ನು ನೋಟ್‌ಬುಕ್ಕಿಗೆ ಇಳಿಸಿ, ಕೆಳಗೆ ಸ್ಕೇಲ್ ಇಟ್ಟು ಗೆರೆ ಎಳೆದ.